ಗಿಡಮೂಲಿಕೆಯ ‘ಚಹಾ’ ಬೇಡ, ರಾತ್ರಿ ಒಂದು ಗ್ಲಾಸು ಕಷಾಯ ಸಿಗಲಿ

ಮಾನ್ಯ ಸಂಪಾದಕರೇ,

ಚಹಾ ಗಿಡದ ಎಲೆಯಿಂದ ತಯಾರಾಗದ ಪೇಯವನ್ನು ‘ಚಹಾ’ ಎಂಬ ಹೆಸರಿನಿಂದ ಮಾರುವಂತಿಲ್ಲ ಎಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2025ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿದಾಗ, ನನ್ನ ಪರಿಚಯದ ಹಲವರು ಅದನ್ನು ಬರೀ ಹೆಸರಿನ ತಕರಾರು ಎಂದು ನಕ್ಕು ಬಿಟ್ಟರು. ತುಳಸಿ ಚಹಾ ಎಂದರೇನು, ತುಳಸಿ ಕಷಾಯ ಎಂದರೇನು, ಹೊಟ್ಟೆಗೆ ಹೋಗುವುದು ಒಂದೇ ಅಲ್ಲವೇ ಎಂಬುದು ಅವರ ವಾದ. ಅದು ಒಂದೇ ಅಲ್ಲ ಎನ್ನುವುದನ್ನು ನಾನು ನನ್ನ ಸ್ವಂತ ನಿದ್ದೆ ಕೆಡಿಸಿಕೊಂಡು ಕಲಿತವಳು. ಧಾರವಾಡದಲ್ಲಿ ಬಹಳ ವರ್ಷ ಪ್ರೌಢಶಾಲೆಯ ಮಕ್ಕಳಿಗೆ ವಿಜ್ಞಾನ ಕಲಿಸಿ ನಿವೃತ್ತಳಾಗಿ, ಈಗ ಸಪ್ತಾಪುರದ ಮನೆಯ ಮಾಳಿಗೆಯ ಮೇಲಿನ ಎರಡು ಕೋಣೆಗಳನ್ನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ಬಾಡಿಗೆಗೆ ಕೊಟ್ಟಿರುವ ನಾನು, ಈ ವಿಷಯದಲ್ಲಿ ಅವಳಿ ನಗರದ ಹೋಟೆಲಿನವರಿಗೂ ಓದುಗರಿಗೂ ಹೇಳಬೇಕಾದ ಮಾತುಗಳನ್ನು ತಮ್ಮ ಪತ್ರಿಕೆಯ ಮೂಲಕ ಹೇಳಬಯಸುತ್ತೇನೆ. ಪತ್ರ ಸ್ವಲ್ಪ ಉದ್ದವಾಗುವುದಕ್ಕೆ ಕ್ಷಮೆಯಿರಲಿ.

ನಿವೃತ್ತಿಯಾದ ಹೊಸದರಲ್ಲಿ ರಾತ್ರಿ ನಿದ್ದೆ ಬಾರದ ಕಾಟವೊಂದು ನನಗೆ ಅಂಟಿಕೊಂಡಿತ್ತು. ಸಂಜೆಯ ನಂತರ ಚಹಾ ಬಿಟ್ಟು ನೋಡಿ ಎಂದು ವೈದ್ಯರು ಹೇಳಿದರು. ಬಾಯಿಗೆ ಬಿಸಿಯಾಗಿ ಏನಾದರೂ ಬೇಕೆನಿಸುವ ಚಟ ಅಷ್ಟು ಸುಲಭಕ್ಕೆ ಬಿಡುವುದಿಲ್ಲವಾದ್ದರಿಂದ, ಮೇಲೆ ತುಳಸಿ ಗಿಡದ ಚಿತ್ರವೂ ‘ಹರ್ಬಲ್ ಟೀ’ ಎಂಬ ದಪ್ಪಕ್ಷರವೂ ಇದ್ದ ಒಂದು ಪಾಕೀಟನ್ನು ತಂದು, ದಿನಾ ರಾತ್ರಿ ಒಂಬತ್ತಕ್ಕೆ ಒಂದು ಗ್ಲಾಸು ಕುಡಿಯತೊಡಗಿದೆ. ಕುಡಿದು ಮಲಗಿದರೆ ಗಡಿಯಾರ ಒಂದು ಹೊಡೆಯುವುದನ್ನು ಕೇಳುತ್ತಲೇ ಇರುತ್ತಿದ್ದೆ. ವಾರ ಕಳೆದ ಮೇಲೆ, ಮಾಳಿಗೆಯ ಮೇಲಿನ ಹುಡುಗನೊಬ್ಬ ಬಾಡಿಗೆ ಕೊಡಲು ಬಂದವನು ಆ ಪಾಕೀಟನ್ನು ಎತ್ತಿಕೊಂಡು, ಹಿಂಬದಿಯ ಇರುವೆ ಸಾಲಿನಂಥ ಅಕ್ಷರಗಳನ್ನು ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಓದಿ, “ಅಕ್ಕೋರ, ಇದರಾಗ ಮೊದಲನೇದ್ದ ಹಸಿರು ಚಹಾದ ಎಲಿ ಐತ್ರಿ, ತುಳಸಿ ಎಲ್ಲಾದಕ್ಕೂ ಕಡೀಗೆ ಐತಿ” ಎಂದ. ಪಾಕೀಟಿನ ಮೇಲೆ ಪದಾರ್ಥಗಳನ್ನು ತೂಕದಲ್ಲಿ ಹೆಚ್ಚಿರುವುದರಿಂದ ಕಡಿಮೆ ಇರುವುದರ ಕ್ರಮಕ್ಕೆ ಬರೆಯಬೇಕೆಂಬುದು ನಮ್ಮ ದೇಶದ ನಿಯಮ. ಅಂದರೆ ನಾನು ವಾರಪೂರ್ತಿ ಕುಡಿದದ್ದು ತುಳಸಿಯ ವಾಸನೆ ಹಿಡಿಸಿದ ಚಹಾವನ್ನೇ. ಮಕ್ಕಳಿಗೆ ಪ್ರಯೋಗಾಲಯದಲ್ಲಿ ‘ಮೊದಲು ಬಾಟಲಿಯ ಚೀಟಿ ಓದಿ’ ಎಂದು ಹೇಳುತ್ತ ಬಂದವಳಿಗೆ ಅದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿರಲಿಲ್ಲ.

ಕಪ್ಪು ಚಹಾ, ಹಸಿರು ಚಹಾ, ಬಿಳಿ ಚಹಾ, ಊಲಾಂಗ್ ಎಂದು ಅಂಗಡಿಯಲ್ಲಿ ಬೇರೆ ಬೇರೆ ಬೆಲೆಗೆ ಸಿಗುವುವೆಲ್ಲ ಕ್ಯಾಮೆಲಿಯಾ ಸೈನೆನ್ಸಿಸ್ ಎಂಬ ಒಂದೇ ಗಿಡದ ಎಲೆಗಳು. ಕೊಯ್ದ ಮೇಲೆ ಎಲೆಯನ್ನು ಬಾಡಿಸುವ, ಹುದುಗಿಸುವ, ಒಣಗಿಸುವ ರೀತಿಯಲ್ಲಷ್ಟೇ ವ್ಯತ್ಯಾಸ. ಆದ್ದರಿಂದ ನಿದ್ದೆ ಓಡಿಸುವ ಕೆಫೀನ್ ಎಂಬ ಅಂಶ ಇವೆಲ್ಲದರಲ್ಲಿಯೂ ಇದೆ. ಹಸಿರು ಚಹಾ ಒಳ್ಳೆಯದು ಎಂದು ಕೇಳಿ ಅದರಲ್ಲಿ ಕೆಫೀನ್ ಇಲ್ಲವೆಂದು ನಂಬಿದವರು ನಮ್ಮ ಬಡಾವಣೆಯಲ್ಲಿಯೇ ಬೇಕಾದಷ್ಟು ಜನರಿದ್ದಾರೆ. ಕೆಫೀನ್ ತೆಗೆದ ಚಹಾ ಎಂದು ಮಾರುವುದರಲ್ಲಿಯೂ ಅದರ ಅಂಶ ಸ್ವಲ್ಪ ಉಳಿದೇ ಇರುತ್ತದೆ. ಹುಟ್ಟಿನಿಂದಲೇ ಕೆಫೀನ್ ಇಲ್ಲದವು ಎಂದರೆ ನಮ್ಮ ಅಡುಗೆಮನೆಯ ಹವೀಜ (ಕೊತ್ತಂಬರಿ ಬೀಜ), ಜೀರಿಗೆ, ಶುಂಠಿ, ಓಂಕಾಳು, ಬಡೆಸೋಪು ಮತ್ತು ಹಿತ್ತಲಿನ ತುಳಸಿ, ಪುದೀನ, ಮಜ್ಜಿಗೆ ಹುಲ್ಲು (ಲೆಮನ್‌ಗ್ರಾಸ್). ಇವುಗಳಿಂದ ಮಾಡಿದ ಪೇಯಕ್ಕೆ ಕನ್ನಡದಲ್ಲಿ ಕಷಾಯ ಎಂಬ ಹೆಸರು ಮೊದಲಿನಿಂದಲೂ ಇರುವಾಗ, ಅದಕ್ಕೆ ‘ಟೀ’ ಎಂಬ ಬಾಲ ಹಚ್ಚಿ, ಆ ಬಾಲದ ಮರೆಯಲ್ಲಿ ಚಹಾದ ಎಲೆಯನ್ನು ಒಳಗೆ ಬಿಟ್ಟುಕೊಳ್ಳುವ ವ್ಯಾಪಾರಕ್ಕೆ ಪ್ರಾಧಿಕಾರದ ಮಾತಿನಿಂದ ಸ್ವಲ್ಪವಾದರೂ ಕಡಿವಾಣ ಬಿದ್ದರೆ ನನಗೆ ಸಂತೋಷ.

ಹಾಗೆಂದು ಚಹಾದ ಮೇಲೆ ನನಗೆ ಹಗೆಯಿಲ್ಲ. ಹುಬ್ಬಳ್ಳಿ–ಧಾರವಾಡದಲ್ಲಿ ಹುಟ್ಟಿ ಬೆಳೆದವರು ಗಿರಮಿಟ್ಟು, ಮಿರ್ಚಿಭಜಿಯ ಮೇಲೆ ಚಹಾ ಕುಡಿಯಬೇಡಿ ಎಂದರೆ ಯಾರು ಕೇಳುತ್ತಾರೆ? ನಾನೂ ಮುಂಜಾನೆ ಒಂದು, ಮಧ್ಯಾಹ್ನ ಮೂರಕ್ಕೊಂದು ಖಡಕ್ ಚಹಾ ಕುಡಿಯುವವಳೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮೀರಬಾರದೆಂದು ಹೇಳುತ್ತದೆ. ಅದರ ಲೆಕ್ಕದಂತೆ 150 ಮಿಲಿಲೀಟರ್ ಚಹಾದಲ್ಲಿ 30ರಿಂದ 65 ಮಿಲಿಗ್ರಾಂ, ಅಷ್ಟೇ ಪ್ರಮಾಣದ ಕಾಫಿಯಲ್ಲಿ, ಕುದಿಸಿ ಸೋಸಿದ್ದಾದರೆ 80ರಿಂದ 120, ದಿಢೀರ್ ಕಾಫಿಯಾದರೆ 50ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ನಮ್ಮ ಅಂಗಡಿಗಳ ಸಣ್ಣ ಗ್ಲಾಸು ಇದರ ಅರ್ಧದಷ್ಟಿರುವುದರಿಂದ ಒಂದೊಂದು ಚಹಾದ ಕೆಫೀನ್ ದೊಡ್ಡದೇನಲ್ಲ, ನಿಜ. ಆದರೆ ಗ್ಲಾಸು ಸಣ್ಣದೆಂಬ ಧೈರ್ಯದಲ್ಲಿಯೇ ನಾವು ಎಣಿಕೆ ತಪ್ಪುತ್ತೇವೆ. ಮೇಲಾಗಿ ಒಲೆಯ ಮೇಲೆ ಗಂಟೆಗಟ್ಟಲೆ ಕುದಿಯುವ ಚಹಾಪುಡಿ ತನ್ನಲ್ಲಿರುವುದನ್ನೆಲ್ಲ ನೀರಿಗೆ ಬಿಟ್ಟಿರುತ್ತದೆ.

ಮುಖ್ಯ ಪ್ರಶ್ನೆ ಎಷ್ಟು ಎಂಬುದಕ್ಕಿಂತ ಯಾವಾಗ ಎಂಬುದು. ನಾವು ಎಚ್ಚರವಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ಕೂಡುತ್ತ ಹೋಗಿ, ತನಗಾಗಿಯೇ ಇರುವ ಗ್ರಾಹಕ (ರಿಸೆಪ್ಟರ್) ಎಂಬ ಜಾಗಗಳಲ್ಲಿ ಕೂತು, ಇನ್ನು ಸಾಕು ಮಲಗು ಎಂಬ ಸಂದೇಶ ಕೊಡುತ್ತದೆ. ಕೆಫೀನ್ ಆ ಜಾಗದಲ್ಲಿ ತಾನು ಹೋಗಿ ಕೂತುಬಿಡುತ್ತದೆ. ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕಿದಂತೆ. ದಣಿವು ಕಡಿಮೆಯಾಗಿರುವುದಿಲ್ಲ, ದಣಿವಿನ ಸುದ್ದಿ ಮುಟ್ಟಿರುವುದಿಲ್ಲ ಅಷ್ಟೇ. ಆರೋಗ್ಯವಂತ ವಯಸ್ಕರಲ್ಲಿ ಕುಡಿದ ಕೆಫೀನಿನ ಅರ್ಧಭಾಗ ದೇಹದಿಂದ ಹೊರಬೀಳಲು ಸುಮಾರು 5 ಗಂಟೆ ಬೇಕು. ಗರ್ಭಿಣಿಯರಲ್ಲಿ ಇದಕ್ಕೆ ಇನ್ನೂ ಬಹಳ ಹೊತ್ತು ಹಿಡಿಯುತ್ತದೆ. ರಾತ್ರಿ ಹನ್ನೊಂದಕ್ಕೆ ಕುಡಿದ ಚಹಾದ ಅರ್ಧ ಕೆಫೀನ್ ಬೆಳಗಿನ ನಾಲ್ಕಕ್ಕೂ ಒಳಗೇ ಇರುತ್ತದೆ ಎಂಬ ಈ ಲೆಕ್ಕಕ್ಕೆ ವಿಜ್ಞಾನದ ಶಿಕ್ಷಕಿಯೇ ಬೇಕಾಗಿಲ್ಲ. 2013ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಮಲಗುವುದಕ್ಕೆ 6 ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರ ನಿದ್ದೆ ಒಂದು ಗಂಟೆಗಿಂತ ಹೆಚ್ಚು ಕಡಿತವಾಗಿತ್ತು. ಅದು ನಮ್ಮ ಸಣ್ಣ ಗ್ಲಾಸಿನ ಪ್ರಮಾಣವಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಸಂಜೆ ಆರರಿಂದ ರಾತ್ರಿ ಹನ್ನೊಂದರವರೆಗೆ ಐದಾರು ಗ್ಲಾಸು ಕುಡಿಯುವವರು ಮಲಗುವುದಕ್ಕೆ ಆರು ಗಂಟೆ ಮೊದಲು ನಿಲ್ಲಿಸಿದವರೂ ಅಲ್ಲವಲ್ಲ.

ಆ ಐದಾರು ಗ್ಲಾಸಿನವರು ಯಾರೆಂದರೆ, ಸಪ್ತಾಪುರದ ಹುಡುಗ ಹುಡುಗಿಯರು. ಹಾವೇರಿ, ಗದಗ, ಕೊಪ್ಪಳ, ರಾಯಚೂರು, ವಿಜಯಪುರದ ಹಳ್ಳಿಗಳಿಂದ ಕೆಎಎಸ್, ಪಿಎಸ್‌ಐ, ಪಿಡಿಓ ಪರೀಕ್ಷೆಗಳಿಗೆ ಓದಲು ಬಂದು, ಒಂದೊಂದು ಕೋಣೆಯಲ್ಲಿ ಮೂವರು ನಾಲ್ವರು ಹಾಸಿಕೊಂಡು ಮಲಗುವ ಈ ಮಕ್ಕಳು, ಸಂಜೆ ಕೋಚಿಂಗ್ ಕ್ಲಾಸು ಬಿಟ್ಟ ಮೇಲೆ ಗ್ರಂಥಾಲಯದ ಬಾಡಿಗೆ ಕುರ್ಚಿಯಲ್ಲಿ ಕೂತು ಓದುತ್ತಾರೆ. ತಾಸಿಗೊಮ್ಮೆ ಕಾಲು ಸಡಿಲಿಸಲು ಹೊರಗೆ ಬಂದರೆ ಎದುರಿಗಿರುವುದು ಚಹಾದ ಗಾಡಿ. ‘ಎರಡ್ರಾಗ ಮೂರು ಮಾಡ್ರಿ’ ಎಂದು ಹಂಚಿಕೊಂಡು ಕುಡಿಯುವುದು ಅವರ ಊಟದ ಖರ್ಚನ್ನು ತಳ್ಳಿಹಾಕುವ ಉಪಾಯವೂ ಹೌದು ಎಂಬುದನ್ನು ನಾನು ಬಲ್ಲೆ. ಓದಿದ್ದು ಮಿದುಳಿನಲ್ಲಿ ನೆಲೆಗೊಳ್ಳುವುದರಲ್ಲಿ ನಿದ್ದೆಯ ಪಾಲು ಬಹಳ ದೊಡ್ಡದು. ನಿದ್ದೆಯನ್ನೇ ಕತ್ತರಿಸಿ ಓದುವ ತಾಸುಗಳನ್ನು ಬೆಳೆಸಿದರೆ, ಒಂದು ಕಡೆ ತುಂಬಿದ ಕೊಡ ಇನ್ನೊಂದು ಕಡೆ ಸೋರುತ್ತಿರುತ್ತದೆ. ಆದರೆ ಈ ಉಪದೇಶವನ್ನು ಅವರಿಗೆ ಮಾಡಿದಾಗಲೆಲ್ಲ ಸಿಗುತ್ತಿದ್ದ ಉತ್ತರ ಒಂದೇ: “ಚಹಾ ಬಿಟ್ಟ ಕುಡಿಯಾಕ ಬ್ಯಾರೆ ಏನ್ ಸಿಗತೈತ್ರಿ ಅಕ್ಕೋರ, ಈ ಹೊತ್ತಿನಾಗ?” ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಈ ಪತ್ರ ಬರೆಯಲು ಕಾರಣವಾದದ್ದೂ ಅದೇ ಪ್ರಶ್ನೆ.

ಮನೆಯಲ್ಲಿಯೇ ಒಂದು ವ್ಯವಸ್ಥೆ ಮಾಡಿದೆ. ನಮ್ಮ ಅವ್ವ ಮಾಡುತ್ತಿದ್ದ ಕಷಾಯದ ಪುಡಿಯ ಲೆಕ್ಕ ನನಗೆ ಬಾಯಿಪಾಠವಿದೆ. ನಾಲ್ಕು ಬಟ್ಟಲು ಹವೀಜಕ್ಕೆ ಒಂದು ಬಟ್ಟಲು ಜೀರಿಗೆ, ಒಂದು ಚಮಚ ಮೆಣಸಿನಕಾಳು, ಬೆರಳುದ್ದದ ಒಣಶುಂಠಿ, ಏಳೆಂಟು ಏಲಕ್ಕಿ. ಹವೀಜವನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ, ಚಟಪಟ ಸದ್ದು ಶುರುವಾಗಿ ಬಣ್ಣ ಹೊಂಬಣ್ಣದಿಂದ ತುಸು ಕಂದಿಗೆ ತಿರುಗುವವರೆಗೆ ಹುರಿಯಬೇಕು. ಇನ್ನೊಂದು ನಿಮಿಷ ಬಿಟ್ಟರೆ ಸುಟ್ಟ ಕಹಿ ಬರುತ್ತದೆ. ಜೀರಿಗೆಯನ್ನು ಬೇರೆಯಾಗಿಯೇ ಹುರಿಯಬೇಕು, ಏಕೆಂದರೆ ಅದು ಹವೀಜಕ್ಕಿಂತ ಬೇಗ ಹತ್ತಿಬಿಡುತ್ತದೆ. ಏಲಕ್ಕಿಯನ್ನು ಹುರಿಯುವುದೇ ಬೇಡ. ಹಾವೇರಿಯವರು ಹಾರ ಮಾಡಿ ಕೊರಳಿಗೆ ಹಾಕುವ ಏಲಕ್ಕಿಯ ಪರಿಮಳ ಬಾಣಲೆಯಲ್ಲಿ ಹಾರಿಹೋದರೆ ಗ್ಲಾಸಿಗೆ ಏನು ಉಳಿಯುತ್ತದೆ? ಎಲ್ಲವೂ ಆರಿದ ಮೇಲೆ ತರಿತರಿಯಾಗಿ ಪುಡಿಮಾಡಿ, ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ತಿಂಗಳೊಪ್ಪತ್ತು ಘಮ ಹೋಗುವುದಿಲ್ಲ. ಧಾರವಾಡದ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಮಾತ್ರ ಪುಡಿ ಗಂಟು ಕಟ್ಟುತ್ತದೆ, ಆಗ ಸ್ವಲ್ಪ ಸ್ವಲ್ಪವೇ ಮಾಡಿಟ್ಟುಕೊಳ್ಳುವುದು ಲೇಸು.

ಕಷಾಯ ಮಾಡುವ ರೀತಿಯಲ್ಲಿಯೂ ಒಂದು ಸೂಕ್ಷ್ಮವಿದೆ. ಆಯುರ್ವೇದದಲ್ಲಿ ಕ್ವಾಥ ಮತ್ತು ಫಾಂಟ ಎಂಬ ಎರಡು ಬೇರೆ ಬೇರೆ ಕ್ರಮಗಳಿವೆ. ಬೇರು, ತೊಗಟೆ, ಕಟ್ಟಿಗೆಯಂಥ ಗಟ್ಟಿ ವಸ್ತುಗಳನ್ನು ಹದಿನಾರು ಪಟ್ಟು ನೀರಿನಲ್ಲಿ ಹಾಕಿ ಅದು ಎಂಟನೆಯ ಒಂದು ಭಾಗಕ್ಕೆ ಇಳಿಯುವವರೆಗೆ ಕುದಿಸುವುದು ಕ್ವಾಥ. ಎಲೆ, ಹೂವು, ಪರಿಮಳದ ಕಾಳುಗಳ ಪುಡಿಯನ್ನು ಬಿಸಿನೀರಿಗೆ ಹಾಕಿ, ಮುಚ್ಚಿಟ್ಟು ಸೋಸುವುದು ಫಾಂಟ. ಪರಿಮಳವೆಂದರೆ ಹಗುರವಾಗಿ ಆವಿಯಾಗಿ ಹಾರಿಹೋಗುವ ಎಣ್ಣೆಯ ಅಂಶ. ತುಳಸಿಯನ್ನೂ ಜೀರಿಗೆಯನ್ನೂ ಅರ್ಧ ತಾಸು ತೆರೆದ ಭಗೋಣಿಯಲ್ಲಿ ಕುದಿಸಿದರೆ ಮನೆಯೆಲ್ಲ ಘಮಘಮಿಸುತ್ತದೆ, ಗ್ಲಾಸಿನಲ್ಲಿ ಮಾತ್ರ ಬಣ್ಣದ ನೀರು. ಆದ್ದರಿಂದ ನೀರು ಕುದಿ ಬಂದ ಕೂಡಲೇ ಪುಡಿ ಹಾಕಿ, ಒಲೆ ಆರಿಸಿ, ತಟ್ಟೆ ಮುಚ್ಚಿ ಐದು ನಿಮಿಷ ಬಿಡುವುದು ನಮ್ಮ ಮನೆಯ ಪದ್ಧತಿ. ಹಾಲು ಬೇಕೆನ್ನುವವರು ಆಮೇಲೆ ಬೆರೆಸಿಕೊಳ್ಳಬಹುದು. ಬಿಸಿಯಾಗಿ ಕುಡಿಯಬೇಕು, ಆದರೆ ನಾಲಿಗೆ ಸುಡುವಷ್ಟಲ್ಲ. 65 ಡಿಗ್ರಿ ಸೆಲ್ಸಿಯಸ್ ಮೀರಿದ ಅತಿ ಬಿಸಿ ಪೇಯಗಳು ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣವಾಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2016ರಲ್ಲಿ ಹೇಳಿದೆ. ಅದು ಚಹಾಕ್ಕೂ ಕಷಾಯಕ್ಕೂ ಒಂದೇ.

ಹುಡುಗರು ಮೊದಲ ವಾರ ಮೂಗು ಮುರಿದರು. ಒಬ್ಬನಿಗಂತೂ ಎರಡನೆಯ ದಿನವೇ ತಲೆ ಸಿಡಿಯತೊಡಗಿ, ಕಷಾಯದಿಂದಲೇ ತಲೆನೋವು ಬಂತೆಂದು ಗೆಳೆಯರಿಗೆಲ್ಲ ಡಂಗುರ ಸಾರಿದ. ಅದು ಕಷಾಯದ ತಪ್ಪಲ್ಲ. ದಿನಾ ಕೆಫೀನ್ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆಗಳೊಳಗೆ ತಲೆನೋವು, ಮಂಪರು, ಸಿಡುಕು ಶುರುವಾಗಿ, ಒಂದೆರಡು ದಿನದಲ್ಲಿ ಹೆಚ್ಚಾಗಿ, ಎರಡರಿಂದ ಒಂಬತ್ತು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಈ ಸಂಗತಿ ಗೊತ್ತಿಲ್ಲದೆ ಎಷ್ಟೋ ಜನ ಮೂರನೆಯ ದಿನಕ್ಕೆ ಮತ್ತೆ ಚಹಾದ ಗಾಡಿಗೆ ಮರಳುತ್ತಾರೆ. ಮುಂಜಾನೆಯ ಚಹಾ ಹಾಗೆಯೇ ಇಟ್ಟುಕೊಂಡು, ರಾತ್ರಿಯ ಕಡೆಯ ಗ್ಲಾಸಿನಿಂದ ಒಂದೊಂದಾಗಿ ಹಿಂದಕ್ಕೆ ಬಿಡುತ್ತ ಬನ್ನಿ ಎಂದು ಹೇಳಿದೆ. ಈಗ ರಾತ್ರಿ ಒಂಬತ್ತೂವರೆಗೆ ಮೆಟ್ಟಿಲ ಮೇಲಿನ ಸ್ಟೀಲ್ ಕ್ಯಾನಿನ ಮುಂದೆ ನಾಲ್ಕು ಗ್ಲಾಸು ತಾವಾಗಿಯೇ ಬಂದು ಕೂಡುತ್ತವೆ. ಡಂಗುರ ಸಾರಿದವನದು ಎಲ್ಲಕ್ಕಿಂತ ದೊಡ್ಡ ಗ್ಲಾಸು.

ಇನ್ನು ಲಾಭಗಳ ವಿಷಯ. ಕಷಾಯದ ಪಾಕೀಟುಗಳ ಮೇಲೆ ಬರೆಯುವ ಮಾತುಗಳನ್ನು ನಂಬುವುದಾದರೆ ಜಗತ್ತಿನಲ್ಲಿ ಆಸ್ಪತ್ರೆಗಳೇ ಬೇಕಿಲ್ಲ. ಮಧುಮೇಹ ಮಾಯ, ಬೊಜ್ಜು ಮಾಯ, ರಕ್ತಶುದ್ಧಿ, ದೇಹದ ವಿಷ ಹೊರಗೆ. ಇವುಗಳಲ್ಲಿ ಬಹುತೇಕ ಬರೀ ಮಾತು. ದೇಹದ ಬೇಡದ ವಸ್ತುಗಳನ್ನು ಹೊರಹಾಕಲು ಪಿತ್ತಜನಕಾಂಗ, ಮೂತ್ರಪಿಂಡಗಳು ಇವೆ, ಪಾಕೀಟಿನ ಹಂಗು ಅವಕ್ಕಿಲ್ಲ. ನಾನು ಕಂಡಂತೆ ಕಷಾಯದ ಬಹುದೊಡ್ಡ ಉಪಕಾರ, ರಾತ್ರಿಯ ಹೊತ್ತಿನಲ್ಲಿ ಅದು ಚಹಾದ ಜಾಗವನ್ನು ಹಿಡಿಯುತ್ತದೆ ಎಂಬುದೇ. ನಿದ್ದೆ ಕೆಡಿಸುವ ಕೆಫೀನ್ ತಪ್ಪುತ್ತದೆ, ನೀರು ಹೊಟ್ಟೆಗೆ ಹೋಗುತ್ತದೆ, ಸಕ್ಕರೆ ಹಾಕದಿದ್ದರೆ ಸಕ್ಕರೆಯೂ ತಪ್ಪುತ್ತದೆ. ಐದು ಗ್ಲಾಸು ಚಹಾಕ್ಕೆ ಎರಡೆರಡು ಚಮಚದಂತೆ ಸಕ್ಕರೆ ಬಿದ್ದರೆ 40–50 ಗ್ರಾಂ ಆಯಿತು. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ. ಬೆಲ್ಲ ಹಾಕಿದರೆ ನಡೆಯುತ್ತದೆ ಎಂದುಕೊಳ್ಳುವವರು ಬೆಲ್ಲವನ್ನೂ ಅದೇ ಲೆಕ್ಕಕ್ಕೆ ಹಿಡಿಯಬೇಕು.

ಇಷ್ಟರ ಮೇಲೆ, ಪರೀಕ್ಷೆಗೆ ನಿಂತ ಗುಣಗಳೂ ಕೆಲವು ಇವೆ. ಶುಂಠಿಯು ವಾಕರಿಕೆಯನ್ನು, ಅದರಲ್ಲಿಯೂ ಬಸುರಿಯರ ಮುಂಜಾನೆಯ ವಾಕರಿಕೆಯನ್ನು ತಗ್ಗಿಸುತ್ತದೆ ಎಂಬುದನ್ನು ಹಲವು ಪ್ರಯೋಗಗಳು ತೋರಿಸಿವೆ, ವೈದ್ಯರೂ ಒಪ್ಪುತ್ತಾರೆ. ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಪುಂಡಿಯ ಸುದ್ದಿ. ಜೋಳದ ರೊಟ್ಟಿಯ ಜೊತೆಗೆ ಪುಂಡಿಪಲ್ಯ ತಿಂದು ಬೆಳೆದ ನಾವು ಅದರ ಎಲೆಯನ್ನಷ್ಟೇ ಬಲ್ಲೆವು. ಅದೇ ಬಳಗದ ಕೆಂಪು ಪುಂಡಿಯ ಹೂವು ಉದುರಿದ ಮೇಲೆ ಕಾಯಿಯ ಸುತ್ತ ಉಳಿಯುವ ದಪ್ಪನೆಯ ಕೆಂಪು ಪುಷ್ಪಪಾತ್ರೆಯನ್ನು ಒಣಗಿಸಿ, ಬಿಸಿನೀರಿನಲ್ಲಿ ನೆನೆಸಿ ಕುಡಿಯುವ ರೂಢಿ ಆಫ್ರಿಕಾದಲ್ಲಿಯೂ ಅರಬರ ನಾಡುಗಳಲ್ಲಿಯೂ ಇದೆ. ರಕ್ತದೊತ್ತಡ ತುಸು ಹೆಚ್ಚಿದ್ದ 65 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇದನ್ನು ದಿನಕ್ಕೆ ಮೂರು ಕಪ್ಪಿನಂತೆ ಆರು ವಾರ ಕುಡಿದವರಲ್ಲಿ ರಕ್ತದೊತ್ತಡದ ಮೇಲಿನ ಅಂಕಿ (ಸಿಸ್ಟೋಲಿಕ್) ಸರಾಸರಿ 7.2ರಷ್ಟು ಇಳಿಯಿತು. ಹುಸಿ ಪೇಯ ಕುಡಿದವರಲ್ಲಿ ಇಳಿದದ್ದು 1.3 ಮಾತ್ರ. ಮಾತ್ರೆ ಬಿಟ್ಟು ಪುಂಡಿ ಕುಡಿಯಿರಿ ಎಂದು ಇದರ ಅರ್ಥವಲ್ಲ. ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಇದನ್ನು ಶುರುಮಾಡಲೂ ಬಾರದು, ಒತ್ತಡ ಅಳತೆ ಮೀರಿ ಇಳಿದೀತು. ಆದರೆ ನಮ್ಮ ಬದುವಿನಲ್ಲಿ ಬೆಳೆಯುವ ಗಿಡದ ಹೂವು ಪರದೇಶದ ಹೆಸರು ಹೊತ್ತು, ಬಣ್ಣದ ಡಬ್ಬಿಯಲ್ಲಿ, ಹತ್ತಾರು ಪಟ್ಟು ಬೆಲೆಗೆ ನಮಗೇ ಮರಳಿ ಬರುವುದನ್ನು ಕಂಡಾಗ, ಕೃಷಿ ವಿಶ್ವವಿದ್ಯಾಲಯವಿರುವ ಊರಿನಲ್ಲಿ ನಾವು ಸುಮ್ಮನೆ ಕೂತಿದ್ದೇವಲ್ಲ ಎನಿಸುತ್ತದೆ.

ಒಳ್ಳೆಯದನ್ನು ಹೇಳಿದ ಬಾಯಿಯಿಂದಲೇ ಎಚ್ಚರಿಕೆಯನ್ನೂ ಹೇಳಬೇಕು, ಏಕೆಂದರೆ ‘ಗಿಡಮೂಲಿಕೆ ತಾನೇ, ಏನೂ ಆಗುವುದಿಲ್ಲ’ ಎಂಬ ಮಾತು ನಮ್ಮಲ್ಲಿ ಬಹಳ ಅಗ್ಗ. ಕೆಮ್ಮಿನ ಕಷಾಯಕ್ಕೆ ಸಿಹಿಗೆಂದು ಹಾಕುವ ಜೇಷ್ಠಮಧುವಿನಲ್ಲಿರುವ ಗ್ಲಿಸಿರೈಜಿನ್ ಎಂಬ ಅಂಶವು ದೇಹದಲ್ಲಿ ಸೋಡಿಯಂ ಮತ್ತು ನೀರನ್ನು ಹಿಡಿದಿಟ್ಟು, ಪೊಟ್ಯಾಸಿಯಂ ಇಳಿಸಿ, ರಕ್ತದೊತ್ತಡ ಏರಿಸುತ್ತದೆ. ನೆಗಡಿಯ ನಾಲ್ಕು ದಿನ ನಡೆದೀತು, ಬಿ.ಪಿ. ಇರುವವರು ದಿನಾ ಕುಡಿಯುವುದು ಸಲ್ಲದು. ಕೊರೊನಾ ಬಂದಾಗ ಕೇಂದ್ರದ ಆಯುಷ್ ಸಚಿವಾಲಯವು ತುಳಸಿ, ದಾಲ್ಚಿನ್ನಿ, ಶುಂಠಿ, ಮೆಣಸಿನ ಕಷಾಯವನ್ನು ದಿನಕ್ಕೊಂದೆರಡು ಸಲ ಕುಡಿಯಲು ಹೇಳಿತ್ತು. ನಮ್ಮ ಜನ ಅದಕ್ಕೆ ಅಮೃತಬಳ್ಳಿಯನ್ನೂ ಸೇರಿಸಿ ತಂಬಿಗೆಗಟ್ಟಲೆ ಕುಡಿದರು. ಅಮೃತಬಳ್ಳಿ ಸೇವಿಸಿದ್ದ ಆರು ಮಂದಿಗೆ ಪಿತ್ತಜನಕಾಂಗದ ತೊಂದರೆಯಾದುದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಅದೇ ಜಾತಿಯ ಬೇರೆ ಬಳ್ಳಿಯನ್ನು ತಪ್ಪಾಗಿ ತಿಳಿದು ಸೇವಿಸಿರಬಹುದೆಂದು ಸಚಿವಾಲಯ ಆಕ್ಷೇಪವೆತ್ತಿತು. ಯಾರ ಮಾತು ಸರಿಯಾದರೂ ನಮಗೆ ಸಿಗುವ ಬುದ್ಧಿ ಒಂದೇ: ಗುರುತು ಖಚಿತವಿಲ್ಲದ ಬಳ್ಳಿಯನ್ನು ಕಿತ್ತು ಕುದಿಸಬಾರದು, ಅಡುಗೆಯ ಪದಾರ್ಥಕ್ಕಿರುವ ಸಲುಗೆಯನ್ನು ಔಷಧಿಯ ಗಿಡದ ಜೊತೆಗೆ ತೋರಿಸಬಾರದು.

ಊಟದ ಜೊತೆಗಿನ ವಿಷಯವನ್ನು ಹೆಣ್ಣುಮಕ್ಕಳಿಗಾಗಿ ಬೇರೆಯಾಗಿಯೇ ಹೇಳುತ್ತೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ಚಹಾದ ಒಗರಿನ ಅಂಶ ರೊಟ್ಟಿ, ಪಲ್ಯ, ಕಾಳುಗಳಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆಯಾದ್ದರಿಂದ ಊಟದ ಹಿಂದೆ ಮುಂದೆ ಒಂದೊಂದು ತಾಸು ಚಹಾ, ಕಾಫಿ ಬೇಡ ಎಂದು ಮೇಲೆ ಹೇಳಿದ ಮಾರ್ಗಸೂಚಿಯೇ ತಿಳಿಸುತ್ತದೆ. ಕಷಾಯಕ್ಕೆ ಈ ನಿಯಮ ಇಲ್ಲ ಎಂದುಕೊಳ್ಳುವುದು ತಪ್ಪು. 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪುದೀನ ಜಾತಿಯ ಪೆಪ್ಪರ್‌ಮಿಂಟ್ ಎಲೆಯ ಪೇಯವು ಊಟದ ಕಬ್ಬಿಣದ ಹೀರುವಿಕೆಯನ್ನು ಶೇ 84ರಷ್ಟು ತಗ್ಗಿಸಿತ್ತು, ಅಂದರೆ ಚಹಾಕ್ಕೆ ಸರಿಸಮ. ಕೆಫೀನ್ ಇಲ್ಲದ್ದರಿಂದ ಒಗರೂ ಇಲ್ಲವೆಂದಲ್ಲ. ಕಷಾಯವನ್ನೂ ಊಟದಿಂದ ಒಂದು ತಾಸು ದೂರವಿಡಿ, ಊಟದಲ್ಲಿ ನಿಂಬೆಹಣ್ಣು ಹಿಂಡಿಕೊಳ್ಳಿ. ಹಾಗೆಯೇ ಬಾಣಂತಿಯ ಮನೆಗಳಲ್ಲಿ ಹಸುಗೂಸಿಗೆ ಓಂಕಾಳಿನ ನೀರು, ಗುಟ್ಟಿ ಎಂದು ಒಳಲೆಯಲ್ಲಿ ಹಾಕುವ ಪದ್ಧತಿ ಇನ್ನೂ ಇದೆ. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೊಂದೇ ಸಾಕು, ನೀರೂ ಬೇಡ. ಇದರಲ್ಲಿ ಅಜ್ಜಿಯರ ಜೊತೆಗೆ ರಾಜಿ ಮಾಡಿಕೊಳ್ಳಬೇಕಾಗಿಲ್ಲ.

ನನ್ನ ತವರು ಗದಗ ಜಿಲ್ಲೆಯ ಡಂಬಳದ ಕಡೆ. ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತ್ತಗಿರಿ ನೋಡು ಎನ್ನುವ ನಾಡು ಅದು. ಔಷಧೀಯ ಗಿಡಗಳಿಗೆ ಹೆಸರಾದ ಕಪ್ಪತಗುಡ್ಡದ ಸುಮಾರು 244 ಚದರ ಕಿಲೋಮೀಟರ್ ಪ್ರದೇಶವನ್ನು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಿದ ಮೇಲೂ, ಗುಡ್ಡಕ್ಕೆ ಹೋದವರು ಕೈಗೆ ಸಿಕ್ಕ ಗಿಡವನ್ನು ಬೇರುಸಹಿತ ಕಿತ್ತು ಚೀಲಕ್ಕೆ ತುರುಕುವುದನ್ನು ನಾನು ನೋಡಿದ್ದೇನೆ. ಕಷಾಯದ ಹೆಸರಿನಲ್ಲಿ ಅದು ಬೇಡ. ದಿನನಿತ್ಯದ ಕಷಾಯಕ್ಕೆ ಬೇಕಾದುದೆಲ್ಲ ಕಿರಾಣಿ ಅಂಗಡಿಯಲ್ಲಿಯೂ ಎರಡು ಕುಂಡಗಳಲ್ಲಿಯೂ ಸಿಗುತ್ತದೆ. ಮಜ್ಜಿಗೆ ಹುಲ್ಲಿನ ಒಂದು ಸಸಿ ನೆಟ್ಟರೆ ವರ್ಷದೊಳಗೆ ಕುಂಡ ಸಾಲದಷ್ಟು ಹಬ್ಬುತ್ತದೆ.

ನನ್ನ ಕೋರಿಕೆಗೆ ಬರುತ್ತೇನೆ. ಅವಳಿ ನಗರದ ಹೋಟೆಲು, ಖಾನಾವಳಿ, ಚಹಾದ ಗಾಡಿಗಳವರು ಸಂಜೆ ಏಳರ ನಂತರ ಚಹಾದ ಕಿಟಲಿಯ ಪಕ್ಕದಲ್ಲಿ ಕಷಾಯದ್ದೊಂದು ಕಿಟಲಿ ಇಡಬೇಕು. ಅದರಲ್ಲಿ ಚಹಾಪುಡಿ ಬೆರೆಸಿರಬಾರದು, ಸಕ್ಕರೆಯನ್ನು ಕುಡಿಯುವವರ ಕೈಗೆ ಬಿಡಬೇಕು. ಕೆಲವು ಕಡೆ ‘ಕಷಾಯ’ ಎಂಬ ಫಲಕವೇನೋ ಈಗಲೂ ಇದೆ. ಕೇಳಿದರೆ ಅದೇ ಹಾಲುಚಹಾಕ್ಕೆ ಒಂದು ಚಿಟಿಕೆ ಶುಂಠಿಪುಡಿ ಉದುರಿಸಿ ಕೊಟ್ಟು ಐದು ರೂಪಾಯಿ ಹೆಚ್ಚು ತೆಗೆದುಕೊಳ್ಳುತ್ತಾರೆ. ಸಂಜೆಯ ಸಭೆ ಸಮಾರಂಭಗಳಲ್ಲಿ, ಬ್ಯಾಂಕು, ಕಚೇರಿ, ಮಹಾನಗರ ಪಾಲಿಕೆಯ ಸಭೆಗಳಲ್ಲಿ ಚಹಾ ಹಂಚುವಾಗ ಕಷಾಯ ಬೇಕೇ ಎಂದು ಒಂದು ಮಾತು ಕೇಳುವ ರೂಢಿ ಬರಬೇಕು. ನನ್ನ ವಯಸ್ಸಿನವರಿಗೆ ಬೇಡವೆನ್ನಲು ಸಂಕೋಚ, ಕುಡಿದರೆ ರಾತ್ರಿಯೆಲ್ಲ ಜಾಗರಣೆ. ಪಾಕೀಟಿನಲ್ಲಿ ಮಾರುವವರು ಒಳಗೆ ಚಹಾದ ಎಲೆ ಇದ್ದರೆ ಅದನ್ನು ಹಿಂಬದಿಯಲ್ಲಿ ಅಡಗಿಸದೆ, ಮುಂಬದಿಯಲ್ಲಿಯೇ, ಕನ್ನಡದಲ್ಲಿ, ತುಳಸಿಯ ಚಿತ್ರದಷ್ಟೇ ದೊಡ್ಡದಾಗಿ ಬರೆಯಲಿ.

ನಮ್ಮ ಓಣಿಯ ತುದಿಯ ಚಹಾದ ಗಾಡಿಯವರ ಜೊತೆಗೆ ಕಳೆದ ಭಾನುವಾರ ಮಾತಾಡಿದ್ದೇನೆ. “ಯಾರ್ ಕುಡೀತಾರ್ರೀ ಅಕ್ಕೋರ, ಉಳಿದ್ರ ಚೆಲ್ಲಬೇಕಾಗತೈತಿ” ಎಂದು ಅವರು ಅನುಮಾನಪಟ್ಟರು. ಮೊದಲ ಹದಿನೈದು ದಿನದ ಪುಡಿ ನಾನೇ ಕೊಡುತ್ತೇನೆ, ಕಷಾಯ ಉಳಿದರೆ ಚೆಲ್ಲಿಬಿಡಿ ಎಂದೆ. ಬರುವ ಸೋಮವಾರ ರಾತ್ರಿ ಎಂಟರಿಂದ ಶುರುಮಾಡಲು ಒಪ್ಪಿದ್ದಾರೆ. ಹವೀಜ ಹುರಿದು ಆರಲು ಹಾಕಿ ಈ ಪತ್ರ ಬರೆಯಲು ಕೂತಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕಿ,
ಸಪ್ತಾಪುರ, ಧಾರವಾಡ